ರೈಲ್ವೆ ಗೇಟಿನ ಮೇಲೆ ಹೊರಿಸಿದ ತಪ್ಪು

ನನ್ನ ತಂಗಿ ಗಿರಿಜಳ ಕಾಲು ಊನವಾದದ್ದು ರೈಲ್ವೆ ಗೇಟಿನಲ್ಲಿ ಅಲ್ಲ. ಅಲ್ಲಿಯೇ ಆಯಿತೆಂದು ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ, ಅವಳತ್ತ ಕೈ ತೋರಿಸಿ ಹೇಳಿದವನು ನಾನು. ಆ ಮಾತನ್ನು ನಂಬಿದವರಲ್ಲಿ ನೀವೂ ಇರಬಹುದು — ಮಲ್ಲೇಶ್ವರದ ನಮ್ಮ ಬೀದಿಯವರಾದರೆ ಖಂಡಿತ ನಂಬಿದ್ದೀರಿ. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ನಮ್ಮ ಬೀದಿ ಹೋಗಿ ಮುಟ್ಟುವುದೇ ರೈಲು ಹಳಿಯನ್ನು. ಈಚೆ ಮನೆಗಳು, ಆಚೆ ಶಾಲೆ, ತರಕಾರಿ ಅಂಗಡಿಗಳು, ಬಸ್ ಸ್ಟಾಪು. ಗೇಟು ಒಮ್ಮೆ ಬಿದ್ದರೆ ಬೇಗ ಏಳುತ್ತಿರಲಿಲ್ಲ. ಕಾಯಲಾರದವರು ಬಗ್ಗಿ ಅದರ ಕೆಳಗೆ ನುಸುಳುತ್ತಿದ್ದರು — ಬ್ಯಾಗು ಹೊತ್ತ ಮಕ್ಕಳು, ಸೀರೆಯ ನೆರಿಗೆ ಎತ್ತಿ ಹಿಡಿದ ಹೆಂಗಸರು, ಸ್ಕೂಟರನ್ನು ಓರೆ ಮಾಡಿ ತೂರಿಸುವ ಗಂಡಸರು. ಒಂದು ರೈಲು ದಾಟಿ ಹೋಗುವಾಗ ಪಕ್ಕದ ಹಳಿಯಲ್ಲಿ ಎದುರಿನಿಂದ ಬರುವ ರೈಲು ಕಾಣುತ್ತಲೇ ಇರಲಿಲ್ಲ. ನೋಡಿ ನೋಡಿ ನನಗೆ ಎದೆ ಝಲ್ಲೆನ್ನುತ್ತಿತ್ತು. ವಿಮಾ ಕಚೇರಿಯ ಕೆಲಸದಿಂದ ನಿವೃತ್ತನಾದ ಮೇಲೆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದೆ. ಹಳಿಯ ಕೆಳಗೆ ಜನ ನಡೆದುಹೋಗಲು ಒಂದು ಸಬ್‌ವೇ ಬೇಕೆಂದು ಕಂಡ ಕಂಡ ಕಚೇರಿಗೆ ಅಲೆದೆ. ಅಲೆದದ್ದು ನಿಜ. ಅದರಲ್ಲಿ ಸುಳ್ಳಿಲ್ಲ.

ಕೊನೆಗೊಮ್ಮೆ ಸುದ್ದಿ ಬಂತು. ರೈಲ್ವೆ ಗೇಟುಗಳನ್ನು ಸುರಕ್ಷಿತ ಮಾಡಲು ಸರ್ಕಾರ ಅನುದಾನ ಕೊಡುತ್ತದೆ. ಆದರೆ ಈ ಸಲದ ಅನುದಾನ ಒಂದೇ ಗೇಟಿಗೆ — ನಮ್ಮದಕ್ಕೆ, ಇಲ್ಲವೇ ಊರಂಚಿನ ಇನ್ನೊಂದಕ್ಕೆ. ಜನರ ಅಹವಾಲು ಕೇಳಲು ಅಧಿಕಾರಿಯೊಬ್ಬರು ಬರುತ್ತಾರೆ.

ಸಭೆ ಶಾಲೆಯ ಹಾಲಿನಲ್ಲಿ ನಡೆಯಿತು. ಜನ ಸೇರಿಸಬೇಕಿತ್ತು, ಮನೆ ಮನೆಗೂ ಹೋಗಿ ಕರೆದೆ. ಗಿರಿಜಳೂ ಬಂದು ಮುಂದಿನ ಸಾಲಿನಲ್ಲಿ ಕೂತಳು. ಅಧಿಕಾರಿ ಮೇಡಂ ಎಲ್ಲರ ಮಾತನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ನೋಡಿ, ನಿಮ್ ಕಷ್ಟ ನಂಗರ್ಥ ಆಗತ್ತೆ. ಆದ್ರೆ ಇಲ್ಲಿ ಇದುವರೆಗೂ ಯಾರಿಗೂ ಏನೂ ಆಗಿಲ್ವಲ್ಲ. ಊರಂಚಿನ ಆ ಗೇಟಲ್ಲಿ ಒಬ್ರು ಜೀವಾನೇ ಕಳ್ಕೊಂಡಿದಾರೆ."

ಇಷ್ಟು ವರ್ಷದ ಓಡಾಟ ಕೈಜಾರಿ ಹೋಗುತ್ತಿದೆ ಅನ್ನಿಸಿತು. ನಾನು ಎದ್ದು ಮೈಕು ತೆಗೆದುಕೊಂಡೆ.

"ಏನೂ ಆಗಿಲ್ಲ ಅಂತ ಹೇಗೆ ಹೇಳ್ತೀರಿ ಮೇಡಂ? ಅಲ್ಲಿ ಕೂತಿದಾಳಲ್ಲ, ನನ್ ತಂಗಿ — ಅವಳ ಕಾಲು ಹೋಗಿದ್ದು ಇದೇ ಗೇಟಲ್ಲಿ."

ಎಲ್ಲರೂ ತಿರುಗಿ ನೋಡಿದರು. ಮೇಡಂ ವೇದಿಕೆ ಇಳಿದು ಗಿರಿಜಳ ಹತ್ತಿರ ಹೋದರು. "ಎಷ್ಟು ವರ್ಷ ಆಯ್ತಮ್ಮಾ?"

ಗಿರಿಜ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ, "ತುಂಬಾ ವರ್ಷ ಆಯ್ತು ಮೇಡಂ" ಎಂದಳು. ಅವಳು ಆಡಿದ್ದು ಅಷ್ಟೇ, ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ನಿಜ ಏನೆಂದು ಈಗ ಹೇಳಬೇಕು. ನಾನು ಕಾಲೇಜು ಸೇರಿದ ವರ್ಷ, ಗಿರಿಜ ಇನ್ನೂ ಹೈಸ್ಕೂಲು. ಆ ಕಾಲದವರು ಈಗ ನಮ್ಮ ಬೀದಿಯಲ್ಲಿ ಯಾರೂ ಉಳಿದಿಲ್ಲ. ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ಕಟ್ಟೆಯ ಮೇಲೆ ನನ್ನ ಗೆಳೆಯರು ಕೂತಿದ್ದರು. ಅವರಿಗೆ ಕಾಣಲೆಂದು ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿದೆ. "ಅಣ್ಣ, ಬೇಡ" ಎಂದಳು. ಬೇಡವೆಂದದ್ದು ಕೇಳಿಸಿತ್ತು. ಮುಂದಿನ ಚಕ್ರ ಹೊರಳಿತು; ನನಗೆ ತರಚು ಗಾಯ, ಅವಳ ಮಂಡಿಯೇ ಮುರಿಯಿತು. ಮೂಳೆ ಸರಿಯಾಗಿ ಕೂಡಿಕೊಳ್ಳಲಿಲ್ಲ. ಆ ಮಂಡಿಯನ್ನು ಮತ್ತೆ ಪೂರ್ತಿ ಮಡಚಲು ಆಗಲೇ ಇಲ್ಲ. ಅಪ್ಪ ಕೇಳಿದಾಗ ಅವಳೇ, ನೋವಿನಲ್ಲೇ, ನಾಯಿ ಅಡ್ಡ ಬಂತೆಂದಳು. ನಾನು ಸುಮ್ಮನಿದ್ದೆ.

ಹಾಗಿದ್ದ ಮೇಲೆ ಸಭೆಯಲ್ಲಿ ನಾನು ಆಡಿದ್ದು ಬರೀ ಊರಿಗಾಗಿ ಆಡಿದ ಸುಳ್ಳೇ? ಬಹಳ ದಿನ ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅಲ್ಲ. ಆ ಮಾತು ಬಾಯಿಂದ ಬಿದ್ದ ಗಳಿಗೆಯಲ್ಲಿ ಎದೆ ಹಗುರಾಗಿತ್ತು — ನನ್ನ ತಪ್ಪನ್ನು ಆ ಗೇಟು ಹೊತ್ತುಕೊಂಡಿತು ಎನ್ನುವ ಹಾಗೆ...

ಅನುದಾನ ನಮಗೇ ಬಂತು. ನನ್ನ ಮಾತಿನಿಂದಲೇ ಬಂತೋ, ಇಲ್ಲವೋ, ತಿಳಿಯದು. ಸಬ್‌ವೇ ಚೆನ್ನಾಗಿಯೇ ಆಯಿತು: ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ, ಹಿಡಿದುಕೊಳ್ಳಲು ಕಂಬಿ, ಬೆಳಗಿನಂಥ ಬೆಳಕು. ಮಕ್ಕಳು ತಮ್ಮ ಕೂಗು ಗೋಡೆಗೆ ಬಡಿದು ವಾಪಸ್ ಬರುವುದನ್ನು ಕೇಳಲೆಂದೇ ಕಿರುಚಿಕೊಂಡು ಓಡುತ್ತಾರೆ. ಸೊಪ್ಪಿನವರು ಗಾಡಿ ತಳ್ಳಿಕೊಂಡು ಬರುತ್ತಾರೆ. ಮೇಲೆ ರೈಲು ಗಡಗಡ ಎನ್ನುವಾಗ ಕೆಳಗೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅದನ್ನು ಕಂಡರೆ ನನಗೆ ಈಗಲೂ ಸಂತೋಷವೇ. ಆ ಸಂತೋಷವನ್ನು ಮುಚ್ಚಿಡಲಾರೆ.

ಆದರೆ ಗಿರಿಜ ಆ ದಾರಿಯಲ್ಲಿ ನಡೆಯುತ್ತಿರಲಿಲ್ಲ. ನಮ್ಮ ಪಕ್ಕದ ಮನೆಯಲ್ಲೇ ಇದ್ದು ಸೀರೆಗೆ ಕುಚ್ಚು ಕಟ್ಟಿಕೊಡುತ್ತಾಳೆ. ಗಿರಾಕಿಗಳೆಲ್ಲ ಹಳಿಯ ಆಚೆ. ಆದರೂ ಸುತ್ತು ಹಾಕಿಕೊಂಡು ಆಟೋದಲ್ಲಿ ಹೋಗುತ್ತಿದ್ದಳು. ಕಾಲುನೋವಿರಬೇಕು ಎಂದುಕೊಂಡೆ. ಕೇಳಲಿಲ್ಲ.

ಈ ವರ್ಷ, ಸಬ್‌ವೇಯ ವಾರ್ಷಿಕೋತ್ಸವಕ್ಕೆ ಗಿರಿಜಳಿಗೆ ಸನ್ಮಾನ ಮಾಡಬೇಕೆಂದು ಸಂಘ ನಿರ್ಧರಿಸಿತು. ಹೇಳಲು ನಾನೇ ಹೋದೆ. ಅವಳು ದಾರದ ಎಳೆ ಬಿಡಿಸುತ್ತ ಕೂತಿದ್ದಳು.

"ನಂಗೆ ಶಾಲು ಬೇಡ ಅಣ್ಣ."

"ಯಾಕೆ? ಎಲ್ರೂ ಪ್ರೀತಿಯಿಂದ—"

"ನಾಯಿ ಅಡ್ಡ ಬಂತು ಅಂತ ಆವತ್ತು ನಾನೇ ಹೇಳ್ದೆ. ಅಪ್ಪ ನಿನ್ನ ಹೊಡೀತಾರೆ ಅಂತ ಹೇಳ್ದೆ. ಅದು ನನ್ನಿಷ್ಟ. ಸಭೇಲಿ ನೀನು ನನ್ನ ಒಂದ್ ಮಾತು ಕೇಳಿದ್ಯಾ?"

ಅವಳು ಎಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಸಬ್‌ವೇಲಿ ಜನ ನಿಲ್ಲಿಸಿ ಕೇಳ್ತಾರೆ — ರೈಲು ಎಷ್ಟು ಹತ್ರ ಬಂದಿತ್ತು, ಸದ್ದು ಕೇಳಿಸ್ಲಿಲ್ವಾ ಅಂತ. ಹೌದು ಅಂದ್ರೆ ಸುಳ್ಳು. ಇಲ್ಲ ಅಂದ್ರೆ ನಿನ್ನ ಮಾನ ಹೋಗತ್ತೆ. ಅದಕ್ಕೇ ಆ ಕಡೆ ಹೋಗೋದೇ ಬಿಟ್ಟೆ." ದಾರವನ್ನು ಕೆಳಗಿಟ್ಟಳು. "ಕಾಲು ನಂದು. ಅದರ ಕಥೇನೂ ನಂದೇ. ಅದನ್ನ ನಂಗೆ ವಾಪಸ್ ಕೊಡು."

ವಾರ್ಷಿಕೋತ್ಸವದ ದಿನ ಅದೇ ಹಾಲಿನಲ್ಲಿ, ಅದೇ ಜಾಗದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಸೈಕಲ್ಲು, ಮೇಲೆತ್ತಿದ ಕೈಗಳು, ಅವಳು ಬೇಡವೆಂದದ್ದು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಂಘದ ಅಧ್ಯಕ್ಷರು ಮುಖ ಗಂಟಿಕ್ಕಿ, "ಇದನ್ನೆಲ್ಲ ಈಗ ಹೇಳೋ ಅಗತ್ಯ ಏನಿತ್ತು ಸ್ವಾಮೀ?" ಎಂದರು. ಹಿಂದಿನ ಸಾಲಿನ ಅಜ್ಜಿಯೊಬ್ಬರು, "ಇರ್ಲಿ ಬಿಡಿ, ತಿಂಡಿ ಆರ್ತಾ ಇದೆ" ಎಂದಾಗ ಒಂದಿಬ್ಬರು ನಕ್ಕರು. ಕಾರ್ಯದರ್ಶಿ ಸ್ಥಾನ ಬಿಟ್ಟೆ. ಮೇಡಂ ವರ್ಗವಾಗಿದ್ದರು, ಅವರ ಜಾಗಕ್ಕೆ ಬಂದವರಿಗೆ ಹೋಗಿ ತಿಳಿಸಿದೆ. ಊರಂಚಿನ ಆ ಗೇಟಿಗೂ ಹೋದೆ. ಮುಂದಿನ ಸಲದ ಅನುದಾನದಲ್ಲಿ ಅಲ್ಲಿಯೂ ಸಬ್‌ವೇ ಆಗಿದೆ. ನಡುವಿನ ದಿನಗಳಲ್ಲಿ ಅಲ್ಲಿ ಯಾರಿಗೂ ಏನೂ ಆಗಲಿಲ್ಲವಂತೆ. ಅದು ಅವರ ಪುಣ್ಯ. ಆಗಿದ್ದರೆ — ಆ ಯೋಚನೆಯನ್ನು ಇವತ್ತಿಗೂ ಪೂರ್ತಿ ಯೋಚಿಸಲಾರೆ.

ವಾರ್ಷಿಕೋತ್ಸವದ ಮರುದಿನ ಬೆಳಿಗ್ಗೆ ಗಿರಿಜ ಸೀರೆಗಳ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಬಾ ಅಣ್ಣ, ಇದನ್ನ ಎತ್ಕೋ. ನಡ್ಕೊಂಡೇ ಹೋಗೋಣ" ಎಂದಳು. ಅವಳು ಕಂಬಿ ಹಿಡಿದು ಇಳಿದಳು, ನಾನು ಗಂಟು ಹೊತ್ತು ಹಿಂದೆ. ಮಧ್ಯದಲ್ಲಿ ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ಅವಳ ನಡಿಗೆ ನೋಡಿ ನಿಂತಳು.

"ಕಾಲಿಗೆ ಏನಾಗಿತ್ತಮ್ಮಾ? ಇಲ್ಲೇ ಗೇಟಲ್ಲಿ ಆಗಿದ್ದು ಅಂದ್ರು?"

"ಇಲ್ಲಮ್ಮ" ಎಂದಳು ಗಿರಿಜ, ನನ್ನ ಕಡೆ ಕೈ ತೋರಿಸಿ. "ಇವನೇ ನಮ್ಮಣ್ಣ. ಚಿಕ್ಕೋಳಿದ್ದಾಗ ಸೈಕಲ್ಲಿಂದ ಬೀಳಿಸ್ದ."

ಆ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೌದಮ್ಮ" ಎಂದೆ. "ನಾನೇ."