ವಾಲ್ಟರನ ಕಂಪ್ಯೂಟರಿನಲ್ಲಿ ಡೊರೊತಿಯಮ್ಮನ ಪ್ರಾರ್ಥನೆ

ಕೊಲ್ಲಿ ನಾಡಿನ ರೂವಿ ಎಂಬ ಪೇಟೆಯ ಟ್ರೇಡಿಂಗ್ ಕಂಪನಿಯೊಂದರಲ್ಲಿ ಫೌಸ್ಟಿನ್ ಟೈಪಿಸ್ಟ್. ಊರಿಗೆ ಬರೆಯುವ ಕಾಗದಗಳಲ್ಲಿ ಮಾತ್ರ ಕಂಪ್ಯೂಟರ್ ಎಂಜಿನಿಯರ್. ಅವನು ವಾಸವಿದ್ದ ದಾರ್ಸೈಟಿನಲ್ಲಿ ಪಕ್ಕದ ಫ್ಲಾಟು ಇಸಾಬೆಲ್ಲಾ ಬಾಯಿಯದು. ೧೯೯೪ರಲ್ಲಿ ಅವರ ತಾಯಿ ಡೊರೊತಿಯಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಾಗ, ಸಂಜೆಯ ಜಪ ಮುಗಿದ ಮೇಲೆ ಮನೆಯ ತೀರಿಹೋದವರಿಗಾಗಿ ಅವರು ಹೇಳುತ್ತಿದ್ದ ಕೊಂಕಣಿ ಪ್ರಾರ್ಥನೆಯನ್ನು ಇವನು ಕನ್ನಡ ಲಿಪಿಯಲ್ಲಿ ಟೈಪ್ ಮಾಡಿಟ್ಟಿದ್ದ. ಅದು ಇಗರ್ಜಿಯ ಯಾವ ಪುಸ್ತಕದಲ್ಲೂ ಇರಲಿಲ್ಲ.

“ಇನ್ನು ಹೆದರ್ಬೇಡಿ ಅಜ್ಜಿ, ಕಂಪ್ಯೂಟರಿಗೆ ಮರೆವು ಅಂತ ಇಲ್ಲ.”

“ನಿನಗೆ ಉಂಟಲ್ಲ ಪುತಾ!” ಎಂದಿದ್ದರು ಅಜ್ಜಿ.

ಎರಡು ವರ್ಷದ ನಂತರ ಊರಿನಲ್ಲಿ ಅಜ್ಜಿ ತೀರಿಕೊಂಡರು. ಇಸಾಬೆಲ್ಲಾ ಬಾಯಿಯ ಪಾಸ್‌ಪೋರ್ಟ್ ವೀಸಾ ಕೊಟ್ಟ ಧಣಿ ಕಫೀಲನ ಬೀರುವಿನಲ್ಲಿತ್ತು, ಕಫೀಲ ಲಂಡನ್ನಿನಲ್ಲಿದ್ದ. ತಾಯಿಯ ಮಣ್ಣಿಗೆ ಮಗಳು ಮುಟ್ಟಲಿಲ್ಲ. ಫೌಸ್ಟಿನ್ ಅಚ್ಚು ತೆಗೆದುಕೊಟ್ಟಿದ್ದ ಪ್ರಾರ್ಥನೆಯ ಒಂದೇ ಪ್ರತಿಯೂ ಅಜ್ಜಿಯ ಕೈಯಲ್ಲೇ ಶವಪೆಟ್ಟಿಗೆಯೊಳಗೆ ಹೋಯಿತು.

“ಶುಕ್ರವಾರ ಏಳನೇ ದಿನ. ಅಮ್ಮನ ಪ್ರಾರ್ಥನೆ ಹೇಳಿಸ್ಬೇಕು, ಫೌಸ್ಟಿನ್. ನನಗೆ ಬರುದಿಲ್ಲ. ಅವರು ಶುರು ಮಾಡಿದ ಕೂಡ್ಲೇ ನಾನು ಅನ್ನ ನೋಡ್ಲಿಕ್ಕೆ ಏಳ್ತಿದ್ದೆ.”

ಫೌಸ್ಟಿನ್‌ನ ಕಂಪ್ಯೂಟರ್ ಆಗಲೇ ಕೆಟ್ಟು ಗುಜರಿ ಸೇರಿತ್ತು. ಅವನು ಧೈರ್ಯಗೆಡಲಿಲ್ಲ. ಕೆಡುವ ಮೊದಲೇ ಎಲ್ಲದರ ಬ್ಯಾಕಪ್ಪನ್ನು ಆಫೀಸಿನ ದೊಡ್ಡ ಕಂಪ್ಯೂಟರಿಗೆ ಹಾಕಿಟ್ಟ ಜಾಣ ಅವನು. ಬುಧವಾರ ಆಫೀಸಿನಲ್ಲಿ ಅದನ್ನು ನೆಟ್‌ವರ್ಕಿನ ಮೂಲಕ ಪಕ್ಕದ ಮೇಜಿನ ವಾಲ್ಟರನ ಕಂಪ್ಯೂಟರಿಗೆ ಇಳಿಸಿದ. ಫೈಲು ಇಡಿಯಾಗಿ ಬಂತು. ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ.

“ಎಂಥ ಮಾರಾಯ, ಇದು ಸತ್ತವರಿಗೆ ಪ್ರಾರ್ಥನೆಯಾ, ಇದ್ದವರಿಗೆ ಶಾಪವಾ?” ಎಂದ ವಾಲ್ಟರ್.

ಜಾಣನು ಬರಹವನ್ನು ಉಳಿಸಿದ್ದ, ಅದನ್ನು ತೋರಿಸುವ ಕನ್ನಡ ಫಾಂಟನ್ನು ಉಳಿಸಿರಲಿಲ್ಲ. ಫಾಂಟಿನ ಫ್ಲಾಪಿ ತಂದುಕೊಟ್ಟಿದ್ದ ಗೆಳೆಯ ವೀಸಾ ಮುಗಿಸಿ ಹೋಗಿಯಾಗಿತ್ತು.

“ಖಲಾಸ್, ಮುಗೀತು ಅಂತ ಇಸಾಬೆಲ್ಲಾ ಬಾಯಿಗೆ ಹೇಳಿಬಿಡು” ಎಂದ ವಾಲ್ಟರ್.

ಫೌಸ್ಟಿನ್ ಏಳಲಿಲ್ಲ. ಆ ಕೊಕ್ಕೆ ಚುಕ್ಕೆಗಳೆಲ್ಲ ಕನ್ನಡ ಅಕ್ಷರಗಳಿಗಾಗಿ ಅವನೇ ಒತ್ತಿದ ಕೀಲಿಗಳು. ಯಾವ ಕೀಲಿಗೆ ಯಾವ ಅಕ್ಷರವೆಂದು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ. ಆದರೆ ಪರದೆ ನೋಡುತ್ತ ಬೆರಳಿಟ್ಟರೆ ಬೆರಳಿಗೆ ನೆನಪಾಗುತ್ತಿತ್ತು. ಒಂದು ಕೀಲಿ ಮುಟ್ಟುವುದು, ಬಾಯಲ್ಲಿ ಅಂದುಕೊಳ್ಳುವುದು, ಪೆನ್ನಿನಲ್ಲಿ ಬರೆಯುವುದು. ಮರುದಿನ, ಗುರುವಾರದ ಅರ್ಧ ದಿನದ ಆಫೀಸು ಮುಗಿಯುವ ಹೊತ್ತಿಗೆ ಪ್ರಾರ್ಥನೆ ಕಾಗದದ ಮೇಲಿತ್ತು. ತಲೆಯಿಂದ ಆಗದ ಕೆಲಸ ಕೈಯಿಂದ ಆಯಿತೆಂಬುದನ್ನು ಎಂಜಿನಿಯರ್ ಸಾಹೇಬರು ಊರಿಗೆ ಬರೆಯಲಿಲ್ಲ.

ಶುಕ್ರವಾರ ಪಕ್ಕದ ಫ್ಲಾಟಿನಲ್ಲಿ ಮೊಂಬತ್ತಿ ಹಚ್ಚಿ ನೆರೆಯವರೆಲ್ಲರೂ ಮೊಣಕಾಲೂರಿದರು. ಫೌಸ್ಟಿನ್ ಓದಿದ. ಈ ಸಲ ಇಸಾಬೆಲ್ಲಾ ಬಾಯಿ ಅಡುಗೆಮನೆಗೆ ಏಳಲಿಲ್ಲ. ಕೊನೆಯಲ್ಲಿ ಮನೆಯ ತೀರಿಹೋದವರ ಹೆಸರುಗಳು. ಒಂದೊಂದಕ್ಕೂ ಎಲ್ಲರೂ “ಆಮೆನ್” ಅಂದರು. ಹೆಸರುಗಳು ಮುಗಿದು ಅವನು ಕಾಗದ ಮಡಿಸಬೇಕು ಎನ್ನುವಾಗ ಇಸಾಬೆಲ್ಲಾ ಬಾಯಿ ತಡೆದರು.

“ನಿಲ್ಲು ಪುತಾ, ಒಂದು ಉಳಿದಿದೆ.” ಅವರೇ ಹೇಳಿದರು. “ಡೊರೊತಿ.”

“ಆಮೆನ್” ಎಂದು, ಫೌಸ್ಟಿನ್ ನೆಲದ ಮೇಲೆ ಕಾಗದ ಹರವಿ ಆ ಹೆಸರನ್ನು ಕೊನೆಯಲ್ಲಿ ಬರೆದ.