ವಿಮಾನದ ಮೂತಿಗೆ ವಿಭೂತಿ

ಗೆಳತಿಯರೇ, ಇವತ್ತು ನಾನು ಅವ್ವನ ಮೇಲೆ ರೇಗಿಬಿಟ್ಟೆ. ಟ್ರಿನಿಡಾಡ್ ದ್ವೀಪದ ಆಸ್ಪತ್ರೆಗೆ ಡಾಕ್ಟರಾಗಿ ಹೋದ ನನ್ನ ತಂಗಿ ಗಿರಿಜೆಯ ಕಾರ್ಡು ಶಿಕಾರಿಪುರದ ಮನೆಗೆ ಬಂದಿತ್ತು. ಒಂದು ಬದಿಯಲ್ಲಿ ಅಲ್ಲಿನ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ವಿಮಾನ ನಿಲ್ದಾಣದ ಚಿತ್ರ. ಇನ್ನೊಂದು ಬದಿಯಲ್ಲಿ, "ಈಗಷ್ಟೇ ಇಲ್ಲಿ ಇಳಿದೆ. ಒಬ್ಬಳೇ ಬಂದೆ, ಹೆದರಲಿಲ್ಲ."

ನಾನು ಪಾಠ ಮಾಡುವ ಶಾಲೆಯಲ್ಲಿ ತೋರಿಸೋಣವೆಂದು ಎತ್ತಿಡುವಷ್ಟರಲ್ಲಿ ಅವ್ವ ಚಿತ್ರದ ವಿಮಾನದ ಮೂತಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಿದ್ದಳು.

"ಕಾರ್ಡು ಹಾಳು ಮಾಡಿದ್ಯಲ್ಲವ್ವ!"

"ಹೊಸ ಬಸ್ಸಿಗೆ ಹಚ್ಚಲ್ಲೇನು? ನನ್ ಮಗಳನ್ನ ಸಮುದ್ರ ದಾಟಿಸೈತಿ ಇದು."

ಆಗಲೇ ಸೊರಬದ ಸೋದರತ್ತೆ ಬಂದರು. ನಾಳೆ ತೊಗರ್ಸಿಯಲ್ಲಿ ನೆಂಟರ ಮದುವೆ. ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸಿ ಮನೆತನದ ಮರ್ಯಾದೆ ಕಳೆದರೆಂದು ನೆಂಟರಲ್ಲೆಲ್ಲ ಹೇಳಿಕೊಂಡು ಬಂದವರು ಇವರೇ. ಆ ಮಾತಿಗೆ ಅಂಜಿ ಅವ್ವ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಅತ್ತೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಷ್ಟು ದೂರಕ್ಕೆ ಜೊತಿಗೆ ಗಂಡಸ್ರು ಯಾರಿದ್ರು?"

ಅವ್ವ ಹೇಳಿದಳು: "ಒಬ್ಬ ಇದ್ನಲ್ರೀ ಅಕ್ಕಾರೆ, ವಿಮಾನದ ಡ್ರೈವರ್."

ಅವ್ವ ಕಾರ್ಡನ್ನು ತಿರುಗಿ ಇಸಿದುಕೊಂಡು ತನ್ನ ಕೈಚೀಲಕ್ಕೆ ಸೇರಿಸಿದಳು. "ನಾಳೆ ಬಸ್ಸಿನಾಗ ನನಗೂ ಒಂದು ಸೀಟು ಹಿಡೀರಿ. ಕೇಳೋರಿಗೆಲ್ಲ ನಾನೇ ತೋರಿಸ್ತೀನಿ."

ತಂಗಿಯ ಧೈರ್ಯಕ್ಕೆ ನಾನು ಓದಿಸಿದ ಇಂಗ್ಲಿಷ್ ಪುಸ್ತಕಗಳೇ ಕಾರಣವೆಂದು ಇಷ್ಟು ವರ್ಷ ಬೀಗುತ್ತಿದ್ದೆ.