ಎಲ್ವುಡ್ ಜೆರ್ಬಿಯ ಒಣಗುಂಡು

ಎಲ್ವುಡ್ ಜೆರ್ಬಿಯ ಹತ್ತಿರ ಕೋವಿಮದ್ದಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಊಟ ಮುಗಿಸಿಕೊಂಡೇ ಹೋಗಬೇಕು. ಜುನಿಯಾಟಾ ಕಣಿವೆಯಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೇಳುತ್ತಾರೆ, ಏನು ಮಾಡುವುದು? ಕ್ರಿಸ್‌ಮಸ್ ಮುಗಿದ ಮಾರನೆಯ ದಿನ ಚಕಮಕಿ ಕೋವಿಯ ಬೇಟೆ ಹಂಗಾಮು ಶುರು. ಜಿಂಕೆ ಬೇಕಿದ್ದರೆ ಅಜ್ಜಂದಿರ ಹಾಗೆ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಕೊಬ್ಬು ಸವರಿದ ಚಿಂದಿಯಲ್ಲಿ ಸೀಸದ ಗುಂಡು ಸುತ್ತಿ ಗಜದ ಕೋಲಿನಿಂದ ತಳ ಮುಟ್ಟುವವರೆಗೆ ಜಡಿಯಬೇಕು, ಪಕ್ಕದ ಪುಟ್ಟ ಬಟ್ಟಲಿಗೆ ಒಂದು ಚಿಟಿಕೆ ಮದ್ದು ಹಾಕಬೇಕು. ಆಮೇಲೆ ಕಲ್ಲಿನ ಕಿಡಿ ಹತ್ತಿದರೆ ಹತ್ತಿತು. ಇಷ್ಟೆಲ್ಲ ರಗಳೆ ಇರುವ ಕಡೆ ಸಲಹೆ ಕೊಡುವವನೊಬ್ಬ ಹುಟ್ಟಿಕೊಳ್ಳದೆ ಇರುತ್ತಾನೆಯೇ?

ಎಲ್ವುಡ್ ಮೂವತ್ತೆಂಟು ವರ್ಷ ದನದ ಮೇವಿನ ಗಿರಣಿಯಲ್ಲಿ ತೂಕ ಮಾಡಿದವನು. ಜೋಳ ಇಷ್ಟು, ಸೋಯಾ ಇಷ್ಟು, ಉಪ್ಪು ಇಷ್ಟು. ಅಷ್ಟು ವರ್ಷದಲ್ಲಿ ಒಂದು ಹಸುವಾದರೂ ಅವನನ್ನು ಹೊಗಳಲಿಲ್ಲ, ಮಾಲೀಕನಂತೂ ಮೊದಲೇ ಇಲ್ಲ. ನಿವೃತ್ತನಾದ ಮೇಲೆ ಆ ತಕ್ಕಡಿಯ ಬುದ್ಧಿಯೆಲ್ಲ ಮದ್ದಿನ ಕಡೆ ತಿರುಗಿತು. ಮನೆಯ ನೆಲಮಾಳಿಗೆಯಲ್ಲಿ ಹದಿನಾಲ್ಕು ನೋಟ್‌ಬುಕ್ ತುಂಬಿಸಿದ್ದಾನೆ. ದಪ್ಪ ಕಾಳಿನ ಮದ್ದು ಅರವತ್ತು ಗ್ರೇನು ತೂಕ, ಅರವತ್ತೈದು, ಎಪ್ಪತ್ತು. ಸಣ್ಣ ಮದ್ದು ಐವತ್ತೈದು, ಅರವತ್ತು. ಚಿಂದಿಗೆ ದಿಂಬಿನ ಬಟ್ಟೆಯೋ ಹಳೆಯ ಅಂಗಿಯೋ. ಸವರುವುದಕ್ಕೆ ಕರಡಿ ಕೊಬ್ಬೋ, ಜೇನುಮೇಣ ಬೆರೆಸಿದ ದನದ ಕೊಬ್ಬೋ, ಬರೀ ಎಂಜಲೋ. ಎಲ್ಲಕ್ಕೂ ಪುಟ ಉಂಟು, ಅಡಿಗೆರೆ ಉಂಟು. ಆ ಹದಿನಾಲ್ಕು ಪುಸ್ತಕಗಳಲ್ಲಿ ಇಲ್ಲದ್ದು ಜಿಂಕೆ ಮಾತ್ರ. ಹನ್ನೊಂದು ವರ್ಷದಿಂದ ಅವನಿಗೆ ಒಂದೂ ಸಿಕ್ಕಿಲ್ಲ.

ಹೆಂಡತಿ ವರ್ನಾಳ ರೀತಿಯೇ ಬೇರೆ. ಅವಳಪ್ಪ ಜಿಂಕೆ ಕೊಂಬಿನ ತುದಿ ಕೊರೆದು ಮಾಡಿಕೊಟ್ಟ ಒಂದು ಅಳತೆ ಇದೆ. ಅಂಗೈಯಲ್ಲಿ ಗುಂಡಿಟ್ಟು ಅದು ಮುಚ್ಚಿಹೋಗುವಷ್ಟು ಮದ್ದು ಸುರಿದರೆ ಎಷ್ಟಾಗುತ್ತದೋ, ಆ ಕೊಂಬು ಅಷ್ಟು ಹಿಡಿಯುತ್ತದೆ. ಅದು ಎಷ್ಟು ಗ್ರೇನು ಎಂದು ಅವಳು ಇವತ್ತಿನವರೆಗೆ ಕೇಳಿಲ್ಲ. ಮನೆಯ ಫ್ರೀಜರಿನಲ್ಲಿರುವ ಜಿಂಕೆ ಮಾಂಸವೆಲ್ಲ ಆ ಕೊಂಬಿನದೇ. ಒಂದು ಪದ್ಧತಿ ಮಾತ್ರ ಅವಳು ಬಿಡುವುದಿಲ್ಲ: ಕೋವಿ ತುಂಬುವ ಮೊದಲು ಗಂಡನನ್ನು ದೂರ ಕಳಿಸುತ್ತಾಳೆ.

"ಎಲ್ವುಡ್, ಆ ಮರದ ಹತ್ರ ಹೋಗು."

"ಯಾಕೆ? ನಾನೇನು ನಿನ್ನ ಮದ್ದು ತಿಂತೀನಾ?"

"ಹೋಗು ಅಂದ್ರೆ ಹೋಗು."

ಹೆಂಗಸರಿಗೆ ಏನೇನೋ ನಂಬಿಕೆಗಳಿರುತ್ತವೆ ಎಂದುಕೊಂಡು ಎಲ್ವುಡ್ ಮೂವತ್ತೊಂದು ವರ್ಷದಿಂದ ಮರದ ಹತ್ತಿರ ಹೋಗಿ ನಿಲ್ಲುತ್ತಿದ್ದ.

ಊರಿನ ಕೋವಿ ಕ್ಲಬ್ಬಿನಲ್ಲಿ, ಒಲೆಯ ಮೇಲ್ಗಡೆ ಒಂದು ಹಲಗೆ ಇದೆ. ಮದ್ದು ಹಾಕುವುದನ್ನೇ ಮರೆತು ಬರೀ ಗುಂಡು ಜಡಿದವರ ಹಲಗೆ ಅದು. ಹಾಗೆ ಜಡಿದ ಗುಂಡಿಗೆ ಅಲ್ಲಿ ಒಣಗುಂಡು ಎನ್ನುತ್ತಾರೆ. ಕೋವಿಯ ಕುದುರೆ ಎಳೆದರೂ ಬಟ್ಟಲಿನ ಮದ್ದು ಫುಸ್ ಎಂದು ಹೊಗೆ ಬಿಡುತ್ತದೆ, ಒಳಗಿನ ಗುಂಡು ಅಲುಗುವುದಿಲ್ಲ. ಗಜದ ತುದಿಗೆ ತಿರುಪು ಸಿಕ್ಕಿಸಿ, ಗುಂಡಿನ ನೆತ್ತಿಗೆ ತೂತು ಕೊರೆದು, ಹಲ್ಲು ಕಚ್ಚಿ ಹೊರಗೆಳೆಯಬೇಕು. ಎಳೆದ ಗುಂಡನ್ನು ಹಲಗೆಗೆ ಮೊಳೆ ಹೊಡೆದು, ಕೆಳಗೆ ಹೆಸರು, ತಾರೀಖು, ಕಾರಣ ಬರೆಯಬೇಕು. ಈ ಶಿಕ್ಷೆ ಕಂಡುಹಿಡಿದವನು ಎಲ್ವುಡ್. ಹಲಗೆ ತಂದವನೂ ಅವನೇ, ಸುತ್ತಿಗೆಯೂ ಅವನದೇ. ಇಪ್ಪತ್ತೈದು ವರ್ಷದಲ್ಲಿ ಹತ್ತೊಂಬತ್ತು ಗುಂಡು ಏರಿದ್ದವು. ಎಲ್ವುಡ್ಡನದು ಒಂದೂ ಇರಲಿಲ್ಲ.

ಹತ್ತೊಂಬತ್ತನೆಯದು ಕ್ಲಬ್ಬಿನ ಅಧ್ಯಕ್ಷ ಮೈರನ್ ಸ್ನೂಕನದು. ಅಕ್ಟೋಬರಿನಲ್ಲಿ ಗುರಿ ಅಭ್ಯಾಸದ ಬಯಲಿನಲ್ಲಿ ಆದದ್ದು. ಮೈರನ್ ಮದ್ದು ತುಂಬಿಡುವ ಕೊಂಬು ಕೈಗೆತ್ತಿಕೊಂಡಿದ್ದ, ಎಲ್ವುಡ್ ಅವನ ಮೊಣಕೈ ಹತ್ತಿರ ನಿಂತು ಹಂದಿ ಕೊಬ್ಬಿನಲ್ಲಿ ಉಪ್ಪಿದ್ದರೆ ನಳಿಗೆಗೆ ಏನಾಗುತ್ತದೆ ಎಂದು ಶುರು ಮಾಡಿದ್ದ. "ಹೌದಾ... ಹೂಂ... ಉಪ್ಪಾ..." ಎನ್ನುತ್ತ ಮೈರನ್ ಗುಂಡು ಜಡಿದ, ಗುರಿಯಿಟ್ಟ, ಫುಸ್ ಎಂದಿತು. ಎಲ್ವುಡ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಧ್ಯಕ್ಷರೇ, ಮದ್ದು ಅಂತ ಒಂದು ಸಾಮಾನು ಬರುತ್ತೆ, ನೋಡಿದೀರಾ?" ಎಂದು ಕೇಳಿ, ಸಂಜೆ ತಾನೇ ಮೊಳೆ ಹೊಡೆದ. ಕಾರಣದ ಜಾಗದಲ್ಲಿ 'ಗಮನ ಸಾಲದು' ಎಂದು ದಪ್ಪಕ್ಷರದಲ್ಲಿ ಬರೆದ.

ಮೈರನ್ ಒಳ್ಳೆಯ ಮನುಷ್ಯ, ಹಗೆ ಸಾಧಿಸಲಿಲ್ಲ. ಒಂದೂ ಒಣಗುಂಡಿಲ್ಲದೆ ಇಪ್ಪತ್ತೈದು ವರ್ಷ ಕಳೆದದ್ದಕ್ಕೆ ಹೊಸವರ್ಷದ ಊಟದ ದಿನ ಎಲ್ವುಡ್ಡನಿಗೆ ಮದ್ದಿನ ಕೊಂಬು ಕೊಡುವುದೆಂದು ಕ್ಲಬ್ಬು ನಿರ್ಧರಿಸಿತು. ಕೆತ್ತನೆ ಮಾಡುವ ಲಮಾರ್ ವರ್ಟ್ ಎತ್ತಿನ ಕೊಂಬನ್ನು ಹಾಲಿನ ಬಣ್ಣ ಬರುವವರೆಗೆ ಉಜ್ಜಿ, ಮೇಲೆ ಬೆಟ್ಟ, ನದಿ, ಒಂದು ಜಿಂಕೆ ಕೆತ್ತಿ, ಕೆಳಗೆ 'ಎಲ್ವುಡ್ ಜೆರ್ಬಿ, ಮರೆಯದವನು' ಎಂದು ಬರೆದಿದ್ದ. ಕ್ರಿಸ್‌ಮಸ್‌ಗೆ ಮುಂಚೆ ಒಮ್ಮೆ ಅದನ್ನು ತೋರಿಸಿದಾಗ ಎಲ್ವುಡ್ ಆ ಅಕ್ಷರಗಳನ್ನು ಮೂರು ಸಲ ಓದಿದ. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಅವನ ಹೆಸರನ್ನು ಯಾರೂ ಯಾವುದರ ಮೇಲೂ ಕೆತ್ತಿರಲಿಲ್ಲ. ಆ ಕೊಂಬು ಅವನಿಗೆ ಬೇಕಿತ್ತು, ಯಾವ ಜಿಂಕೆಗಿಂತಲೂ ಹೆಚ್ಚಾಗಿ ಬೇಕಿತ್ತು.

ಡಿಸೆಂಬರ್ ಇಪ್ಪತ್ತೆಂಟರ ಬೆಳಗ್ಗೆ ಗಂಡ ಹೆಂಡತಿ ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿದರು. ಪಾದ ಮುಳುಗುವಷ್ಟು ಹಿಮ ಬಿದ್ದಿತ್ತು. ವರ್ನಾ ಮಾಮೂಲಿನಂತೆ ಗಂಡನನ್ನು ಹೆಮ್ಲಾಕ್ ಮರದ ಹತ್ತಿರ ಕಳಿಸಿ, ಎರಡು ನಿಮಿಷದಲ್ಲಿ ಕೋವಿ ತುಂಬಿ, ಮೇಲಿನ ದಿಣ್ಣೆಯ ಕಡೆ ಹೊರಟಳು. ಆಮೇಲೆ ಎಲ್ವುಡ್ ಶುರು ಮಾಡಿದ. ಗಾಡಿಯ ಹಿಂಬದಿಯ ಮೇಲೆ ಎರಡು ಹಿತ್ತಾಳೆ ಅಳತೆ ಇಟ್ಟ, ಒಂದಕ್ಕೆ ದಪ್ಪ ಮದ್ದು ಎಪ್ಪತ್ತು, ಇನ್ನೊಂದಕ್ಕೆ ಸಣ್ಣದು ಅರವತ್ತು.

"ಹಿಮ ಇದೆ, ಹಸಿ ಇದೆ, ಸಣ್ಣದಾದ್ರೆ ಬೇಗ ಹತ್ತುತ್ತೆ," ಎಂದ, ಎದುರಿಗೆ ಯಾರೋ ಇದ್ದಾರೆ ಎನ್ನುವಂತೆ. "ಆದ್ರೆ ನೋಡು, ಚಳೀಲಿ ಇದೇ ನಳಿಗೆ ಸಣ್ಣ ಮದ್ದಿಗೆ ಎಡಕ್ಕೆ ಹೊಡೀತು, ಒಂಬತ್ತನೇ ಪುಸ್ತಕದಲ್ಲಿದೆ. ಹಾಗಂತ ದಪ್ಪ ಹಾಕಿದ್ರೆ ಮಸಿ ಜಾಸ್ತಿ. ಜಾಸ್ತಿಯಾದ್ರೆ ಏನು? ಒಂದೇ ಗುಂಡು ಹೊಡಿಯೋದಲ್ವಾ? ಅಲ್ಲ, ಎರಡನೇದು ಬೇಕಾದ್ರೆ?"

ಹೀಗೆ ಇಪ್ಪತ್ತು ನಿಮಿಷ. ಕಡೆಗೆ ದಪ್ಪ ಮದ್ದು ಗೆದ್ದಿತು. ಸೋತ ಸಣ್ಣ ಮದ್ದನ್ನು ಅದರ ಡಬ್ಬಿಗೆ ವಾಪಸ್ ಸುರಿದ. ಮಾತು ನಿಲ್ಲಿಸದೆ, ಅದೇ ಕೈಯಲ್ಲಿ, ಗೆದ್ದ ಮದ್ದನ್ನೂ ಅದರ ಡಬ್ಬಿಗೆ ಸುರಿದು ಮುಚ್ಚಳ ಹಾಕಿದ. ನಿರ್ಧಾರ ಮುಗಿದ ನೆಮ್ಮದಿ ಎಷ್ಟಿತ್ತೆಂದರೆ ಅವನಿಗೆ ಮದ್ದು ನಳಿಗೆಗೇ ಬಿದ್ದಂತಾಗಿತ್ತು. ಚಿಂದಿ ಸುತ್ತಿ ಗುಂಡು ಜಡಿದು, ಖುಷಿಯಾಗಿ ಬೆಟ್ಟ ಹತ್ತಿದ.

ಹತ್ತು ಗಂಟೆಯ ಸುಮಾರಿಗೆ ಲಾರೆಲ್ ಪೊದೆಗಳ ಸಂದಿಯಿಂದ ಗಂಡು ಜಿಂಕೆಯೊಂದು ಹೊರಬಂತು. ಎಂಟು ಕವಲಿನ ಕೊಂಬು, ಬೆನ್ನಿನ ಮೇಲೆ ಹಿಮ, ಮೂವತ್ತು ಹೆಜ್ಜೆ ದೂರ. ಅಡ್ಡ ನಿಂತಿತು. ಎಲ್ವುಡ್ ಉಸಿರು ಬಿಗಿಹಿಡಿದು ಕುದುರೆ ಎಳೆದ.

ಫುಸ್.

ಜಿಂಕೆ ತಲೆಯೆತ್ತಿ ನೋಡಿತು. ಬಟ್ಟಲಿನ ಬೆಂಕಿ ನಳಿಗೆಯೊಳಕ್ಕೆ ಹೋಗುವ ತೂತು ಕಟ್ಟಿಕೊಂಡಿರಬೇಕು ಎಂದುಕೊಂಡು ಎಲ್ವುಡ್ ತಂತಿಯಿಂದ ಚುಚ್ಚಿ, ಬಟ್ಟಲಿಗೆ ಮತ್ತೆ ಮದ್ದು ಹಾಕಿ, ಮತ್ತೆ ಎಳೆದ. ಮತ್ತೆ ಫುಸ್. ಈ ಸಲ ಜಿಂಕೆಗೂ ಬೇಸರವಾಗಿರಬೇಕು, ತಿರುಗಿ ದಿಣ್ಣೆಯ ಕಡೆ ಮೆಲ್ಲಗೆ ಓಡಿತು. ಎಲ್ವುಡ್ ಗಜದ ಕೋಲನ್ನು ನಳಿಗೆಗೆ ಇಳಿಬಿಟ್ಟು ನೋಡಿದ. ಸರಿಯಾಗಿ ತುಂಬಿದ ಕೋವಿಯಲ್ಲಿ ಕೋಲಿನ ಗೀಟು ನಳಿಗೆಯ ಬಾಯಿಗೆ ಸಮವಾಗಿ ನಿಲ್ಲಬೇಕು. ಆ ಗೀಟು ಎಳೆದುಕೊಳ್ಳಿ ಎಂದು ಕ್ಲಬ್ಬಿನವರಿಗೆಲ್ಲ ಬೋಧನೆ ಮಾಡಿದವನೇ ಅವನು. ಗೀಟು ನಳಿಗೆಯೊಳಗೆ ಒಂದು ಇಂಚಿಗೂ ಹೆಚ್ಚು ಮುಳುಗಿತು.

"ಅಯ್ಯೋ, ಅಯ್ಯೋ ದೇವರೇ," ಎಂದು ಹಿಮದ ಮೇಲೆ ಕುಕ್ಕರಿಸಿದ. ಅಷ್ಟರಲ್ಲಿ ದಿಣ್ಣೆಯ ಮೇಲಿಂದ ಢಂ ಎಂದು ಒಂದೇ ಒಂದು ಸದ್ದು ಕೇಳಿತು.

ವರ್ನಾ ಜಿಂಕೆಯ ಹೊಟ್ಟೆ ಸೀಳಿ ಚೊಕ್ಕ ಮಾಡುತ್ತಿದ್ದಾಗ ಅವನು ಬಂದು ಮುಟ್ಟಿದ. ಕಿಸೆಯಲ್ಲಿ ನೆತ್ತಿ ಕೊರೆದ ಗುಂಡಿತ್ತು. ಅದನ್ನು ಎಳೆಯುವ ಭರದಲ್ಲಿ ಅಂಗೈ ಸುಲಿದಿತ್ತು.

"ಎರಡು ಸಲ ಹೊಗೆ ಕಾಣಿಸ್ತು," ಎಂದಳು ವರ್ನಾ, ತಲೆಯೆತ್ತದೆ.

"ತೇವ," ಎಂದ ಎಲ್ವುಡ್.

"ಹೂಂ. ಕಾಲು ಹಿಡಿ, ಎಳಿಯೋಣ."

ಇಬ್ಬರೂ ಸೇರಿ ಜಿಂಕೆಯನ್ನು ಎಳೆದು ತಂದು ಗಾಡಿಗೆ ಹಾಕಿದರು. ಗಾಡಿ ಹತ್ತಿದ ಮೇಲೆ ಎಲ್ವುಡ್ಡನಿಗೆ ತಡೆಯಲಾಗಲಿಲ್ಲ. "ವರ್ನಾ, ಕ್ಲಬ್ಬಲ್ಲಿ ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ? ಗುಂಡು ಇರೋದು ನಿನ್ನ ಕಿಸೇಲಿ."

ನಾಲ್ಕು ದಿನ ಆ ಗುಂಡು ಕಿಸೆಯಿಂದ ಕಿಸೆಗೆ ತಿರುಗಿತು. ನೆಲಮಾಳಿಗೆಗೆ ಇಳಿದು ಹದಿನಾಲ್ಕನೆಯ ಪುಸ್ತಕ ತೆಗೆದ, ಏನು ಬರೆಯುವುದೆಂದು ತೋಚದೆ ಮುಚ್ಚಿದ. ಗುಂಡನ್ನು ನದಿಗೆ ಎಸೆದರೆ ಮುಗಿಯಿತು ಎಂದು ಸೇತುವೆಯವರೆಗೂ ಹೋದ. ಹೆಂಡತಿಯೊಬ್ಬಳನ್ನು ಬಿಟ್ಟರೆ ನೋಡಿದ್ದು ಆ ಜಿಂಕೆ, ಅದು ಆಗಲೇ ಸಾಸೇಜಾಗಿತ್ತು. ಸೇತುವೆಯ ಮೇಲೆ ನಿಂತಾಗ, ತನ್ನ ಸುತ್ತಿಗೆ ಏಟಿಗೆ ಹಲಗೆ ಏರಿದ ಹತ್ತೊಂಬತ್ತು ಮಂದಿಯ ಮುಖಗಳು ನೆನಪಾದವು. ನಾಚಿಕೆಯಾಯಿತು. ಗುಂಡನ್ನು ವಾಪಸ್ ಕಿಸೆಗೆ ಹಾಕಿಕೊಂಡು ಬಂದ.

ಹೊಸವರ್ಷದ ಮಧ್ಯಾಹ್ನ ಕ್ಲಬ್ಬಿನಲ್ಲಿ ಹಂದಿ ಮಾಂಸ, ಹುಳಿ ಎಲೆಕೋಸು, ಕಿವುಚಿದ ಆಲೂಗಡ್ಡೆ. ಎಲ್ಲರೂ ವರ್ನಾಳ ಜಿಂಕೆಯ ಬಗ್ಗೆ ಕೇಳುವವರೇ.

"ಎಂಟು ಕವಲಂತೆ! ಯಾವ ಮದ್ದು ಹಾಕಿದ್ರಿ ವರ್ನಾ? ದಪ್ಪದೋ ಸಣ್ಣದೋ?" ಎಂದ ಮೈರನ್.

"ಹಾಕಿದ್ದೆ. ಅಷ್ಟು ಗೊತ್ತು," ಎಂದು ಅವಳು ಎಲೆಕೋಸು ಬಡಿಸಿಕೊಂಡಳು. ಎಲ್ವುಡ್ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಇನ್ನಷ್ಟು ಕಿವುಚಿದ.

ಊಟವಾದ ಮೇಲೆ ಮೈರನ್ ಎದ್ದು ನಾಲ್ಕು ಮಾತಾಡಿ, ಲಮಾರ್ ಕೆತ್ತಿದ ಕೊಂಬನ್ನು ಎಲ್ವುಡ್ಡನ ಕೈಗಿಟ್ಟ. ಚಪ್ಪಾಳೆ ಬಿತ್ತು. ಎಲ್ವುಡ್ ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ ಕೊಂಬನ್ನು ಮೇಜಿನ ಮೇಲೆ ಇಟ್ಟು, ಕಿಸೆಯಿಂದ ಗುಂಡು ತೆಗೆದು ಅದರ ಪಕ್ಕದಲ್ಲಿಟ್ಟ. ನೆತ್ತಿಯ ತೂತು ಎಲ್ಲರಿಗೂ ಕಾಣಿಸಿತು.

"ಇಪ್ಪತ್ತೆಂಟನೇ ತಾರೀಖು," ಎಂದ ಎಲ್ವುಡ್. "ಮದ್ದು ಹಾಕ್ಲಿಲ್ಲ. ವಿಷಯ ಏನಂದ್ರೆ, ಅವತ್ತು ಹವಾಮಾನ..."

"ತಾಳು, ತಾಳು ಮಾರಾಯ," ಎಂದ ಮೈರನ್. "ತುಂಬುವಾಗ ನಿನ್ನ ಹತ್ರ ಯಾರು ಮಾತಾಡ್ತಾ ಇದ್ರು?"

"ಯಾರೂ ಇರ್ಲಿಲ್ಲ. ನಾನೊಬ್ಬನೇ."

"ನೀನೇ ಮಾತಾಡ್ತಿದ್ದೆ," ಎಂದಳು ವರ್ನಾ. "ಅರ್ಧ ಬೆಟ್ಟ ಹತ್ತೋವರೆಗೂ ಕೇಳಿಸ್ತಿತ್ತು."

ಹಿಂದಿನ ಬೆಂಚಿನಿಂದ ಲಮಾರ್ ಗಂಟಲು ಸರಿಮಾಡಿಕೊಂಡ. "ಹೇಳಬಾರ್ದು ಅಂತ ಇದ್ದೆ. ನನ್ನ ಒಣಗುಂಡಿನ ದಿನ ಪಕ್ಕದಲ್ಲಿ ನಿಂತು ಕರಡಿ ಕೊಬ್ಬಿನ ಕತೆ ಹೇಳ್ತಿದ್ದೋನು ಎಲ್ವುಡ್ಡೇ."

"ನನಗೆ ಹಂದಿ ಕೊಬ್ಬು," ಎಂದ ಮೈರನ್.

"ನನಗೆ ದಿಂಬಿನ ಬಟ್ಟೆ," ಎಂದಿತು ಒಲೆಯ ಪಕ್ಕದ ದನಿ. "ಮೂರು ಥರದ್ದು!"

ಒಬ್ಬೊಬ್ಬರಾಗಿ ಕೈಯೆತ್ತಿದರು. ಹಲಗೆಯ ಹತ್ತೊಂಬತ್ತು ಗುಂಡುಗಳಲ್ಲಿ ಹದಿನೈದು ಎಲ್ವುಡ್ಡನ ಸಲಹೆ ಕೇಳುತ್ತ ಜಡಿದವು ಎಂದು ಆ ಮಧ್ಯಾಹ್ನ ಇತ್ಯರ್ಥವಾಯಿತು.

"ಹಾಗಾದ್ರೆ ಇಪ್ಪತ್ತೈದು ವರ್ಷ ನಿನಗೇನೂ ಆಗದೆ ಇದ್ದಿದ್ದು ಯಾಕೆ ಗೊತ್ತಾ?" ಎಂದ ಮೈರನ್. "ನೀನು ತುಂಬುವಾಗ ಪಕ್ಕದಲ್ಲಿ ನಿನ್ನಂಥೋನು ಇರ್ಲಿಲ್ಲ. ಈ ಸಲ ಇದ್ದ."

ನಗು ಎದ್ದಿತು, ಛಾವಣಿ ಹಾರುವಷ್ಟು. ಎಲ್ವುಡ್ಡನಿಗೆ ನಗು ಬರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ. "ಮೂವತ್ತೊಂದು ವರ್ಷದಿಂದ ಮರದ ಹತ್ರ ಕಳಿಸ್ತಿದ್ದಿದ್ದು ಇದಕ್ಕಾ? ಹೇಳ್ಬಾರ್ದಿತ್ತಾ?"

"ಹೇಳೋಕೆ ನೀನು ಬಾಯಿ ಮುಚ್ಚಬೇಕಲ್ಲ," ಎಂದಳು ವರ್ನಾ. ಹೇಳುತ್ತಲೇ ಅವನ ಸುಲಿದ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

ಎಲ್ವುಡ್ ಸುತ್ತಿಗೆ ತೆಗೆದುಕೊಂಡು ಇಪ್ಪತ್ತನೆಯ ಗುಂಡನ್ನು ತಾನೇ ಹೊಡೆದ. ಹೆಸರು ಬರೆದ, ತಾರೀಖು ಬರೆದ. ಕಾರಣ ಬರೆಯುವ ಜಾಗಕ್ಕೆ ಬಂದು ಪೆನ್ಸಿಲ್ ಹಿಡಿದು ನಿಂತವನು ನಿಂತೇ ಇದ್ದ. ಕೊನೆಗೆ ಮೈರನ್ ಪೆನ್ಸಿಲ್ ಕಸಿದುಕೊಂಡು 'ಎಲ್ವುಡ್' ಎಂದು ಬರೆದ. ಲಮಾರ್ ಕೊಂಬಿನ ಮೇಲಿನ ಹೆಸರನ್ನು ಅಲ್ಲೇ ಚಾಕುವಿನಿಂದ ಹೆರೆದು, ವಾರದೊಳಗೆ ವರ್ನಾಳ ಹೆಸರು ಕೆತ್ತಿ ಕೊಟ್ಟ. ಅವಳು ಅದರಲ್ಲಿ ಮದ್ದು ಇಟ್ಟಿದ್ದಾಳೆ. ಯಾವುದು ಎಂದು ಕೇಳಿದರೆ ಕಪ್ಪನೆಯದು ಎನ್ನುತ್ತಾಳೆ.

ಮುಂದಿನ ಡಿಸೆಂಬರಿನಲ್ಲಿ ಗಂಡ ಹೆಂಡತಿ ಅದೇ ಬೆಟ್ಟದ ಬುಡಕ್ಕೆ ಬಂದರು. ವರ್ನಾ ಹೊಸ ಕೊಂಬಿಗೆ ಕೈ ಹಾಕಿ, "ಎಲ್ವುಡ್, ಆ..." ಎಂದು ತಿರುಗಿದರೆ, ಅವನು ಹೇಳಿಸಿಕೊಳ್ಳದೆಯೇ ಹೆಮ್ಲಾಕ್ ಮರದ ಹತ್ತಿರ ಹೋಗಿ ನಿಂತಿದ್ದ. ಅವಳಿಗೆ ಅಯ್ಯೋ ಪಾಪ ಎನಿಸಿತು. ಅಷ್ಟರಲ್ಲಿ ಅಲ್ಲಿಂದ ಸಣ್ಣಗೆ ದನಿ ಕೇಳಿತು. "ನೋಡು, ದಪ್ಪ ಮದ್ದಿನ ಗುಣ ಏನಂದ್ರೆ..." ಎಂದು ಎಲ್ವುಡ್ ಮರಕ್ಕೆ ಹೇಳುತ್ತಿದ್ದ. ಮರದ ಕೈಯಲ್ಲಿ ಕೋವಿ ಇರಲಿಲ್ಲ, ಆದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.